ನುಡಿಸಲರಿಯದ ವಾದ್ಯಶಿಲ್ಪಿ: ಲಿಯೋ ಫೆಂಡರ್

ವೀಣೆಯನ್ನು ಕೆತ್ತುವ ಬಡಗಿ ಸ್ವತಃ ವೈಣಿಕನಾಗಿರಬೇಕೆಂಬ ನಿಯಮವೇನೂ ಇಲ್ಲ. ಆದರೂ ಬಿರಡೆಯನ್ನು ತಿರುಗಿಸಿ ತಂತಿಯನ್ನು ಶ್ರುತಿಗೆ ತರುವಷ್ಟು ವಿದ್ಯೆಯಾದರೂ ಅವನಿಗೆ ತಿಳಿದಿರುತ್ತದೆಂದು ಭಾವಿಸುವುದು ಸಹಜ. ಇಪ್ಪತ್ತನೆಯ ಶತಮಾನದ ಜನಪ್ರಿಯ ಸಂಗೀತಕ್ಕೆ ಹೊಸ ದನಿಯೊಂದನ್ನು ತಂದುಕೊಟ್ಟ ವಿದ್ಯುತ್ ಗಿಟಾರುಗಳನ್ನು ರೂಪಿಸಿದ ಲಿಯೋ ಫೆಂಡರನಿಗೆ ಅಷ್ಟು ವಿದ್ಯೆಯೂ ಇರಲಿಲ್ಲ. ಬಾಲ್ಯದಲ್ಲಿ ಅವನು ಪಿಯಾನೋ ಕಲಿತನು. ಅನಂತರ ಸ್ಯಾಕ್ಸೊಫೋನ್ ಊದಿದನು. ಗಿಟಾರನ್ನು ಮಾತ್ರ ಕೊನೆಯವರೆಗೂ ಕಲಿಯಲಿಲ್ಲ. ತಾನು ನುಡಿಸಲಾರದ ವಾದ್ಯದ ದನಿಯನ್ನು ಒಬ್ಬನು ತಿದ್ದುವುದೆಂತು? ಫೆಂಡರನ ಬದುಕನ್ನು ಬಲ್ಲವರಿಗೆ ಈ ಪ್ರಶ್ನೆ ಒಗಟಾಗಿ ಉಳಿಯುವುದಿಲ್ಲ.

ಕ್ಲಾರೆನ್ಸ್ ಲಿಯೊನಿಡಾಸ್ ಫೆಂಡರ್ ೧೯೦೯ನೆಯ ಇಸವಿ ಆಗಸ್ಟ್ ೧೦ರಂದು ಅಮೆರಿಕದ ಪಶ್ಚಿಮ ತೀರದ ಕ್ಯಾಲಿಫೋರ್ನಿಯ ರಾಜ್ಯದಲ್ಲಿ, ಆನಹೈಮ್ ಮತ್ತು ಫುಲರ್ಟನ್ ಎಂಬ ಊರುಗಳ ಆಸುಪಾಸಿನಲ್ಲಿ ಜನಿಸಿದನು. ತಂದೆತಾಯಿಗಳು ಕಿತ್ತಳೆಯ ತೋಟವನ್ನಿಟ್ಟುಕೊಂಡಿದ್ದ ಕೃಷಿಕರು. ಎಂಟನೆಯ ವಯಸ್ಸಿನಲ್ಲಿ ಬಾಲಕನ ಎಡಗಣ್ಣಿನಲ್ಲಿ ಗೆಡ್ಡೆಯೊಂದು ಬೆಳೆಯಿತು. ವೈದ್ಯರು ಆ ಕಣ್ಣನ್ನೇ ತೆಗೆದುಹಾಕಿ ಗಾಜಿನ ಕಣ್ಣನ್ನು ಇಡಬೇಕಾಯಿತು. ಮುಂದೆ ಎರಡನೆಯ ಮಹಾಯುದ್ಧದಲ್ಲಿ ಅವನನ್ನು ಸೈನ್ಯಕ್ಕೆ ಸೇರಿಸಿಕೊಳ್ಳದಿದ್ದುದಕ್ಕೆ ಈ ಕುಂದೇ ಕಾರಣ. ವಿಧಿಯ ಈ ಪೆಟ್ಟು ಅವನನ್ನು ಊರಿನಲ್ಲಿಯೇ, ತನ್ನ ಅಂಗಡಿಯ ಮೇಜಿನ ಮುಂದೆಯೇ ಉಳಿಸಿತು.

ಲಿಯೋ ಹದಿಮೂರು ವರ್ಷದವನಾಗಿದ್ದಾಗ ಜಾನ್ ವೆಸ್ಟ್ ಎಂಬ ಹತ್ತಿರದ ಬಂಧುವೊಬ್ಬನು ಹಳೆಯ ವಿದ್ಯುತ್ ಸಾಮಾನುಗಳನ್ನು ತುಂಬಿದ ಪೆಟ್ಟಿಗೆಯೊಂದನ್ನು ಅವನಿಗೆ ಕಳುಹಿಸಿದನು. ಸಾಂಟಾ ಮರಿಯಾ ಎಂಬಲ್ಲಿ ಮೋಟಾರು ವಾಹನಗಳ ವಿದ್ಯುತ್ ಉಪಕರಣಗಳ ಅಂಗಡಿ ಆತನದು. ಮರುವರ್ಷ ಲಿಯೋ ಆ ಅಂಗಡಿಗೆ ಹೋದಾಗ, ಬಿಡಿಭಾಗಗಳನ್ನೇ ಜೋಡಿಸಿ ವೆಸ್ಟ್ ತಯಾರಿಸಿದ್ದ ರೇಡಿಯೋ ಒಂದು ಅಂಗಡಿಯ ಮುಂದೆ ಗಟ್ಟಿಯಾಗಿ ಹಾಡುತ್ತಿತ್ತು. ಆ ದನಿ ಹುಡುಗನ ಮನಸ್ಸನ್ನು ಸೆರೆಹಿಡಿಯಿತು. ಮನೆಗೆ ಮರಳಿದ ಮೇಲೆ ನೆರೆಹೊರೆಯವರ ಕೆಟ್ಟ ರೇಡಿಯೋಗಳನ್ನು ಬಿಚ್ಚಿ ಸರಿಪಡಿಸುವುದೇ ಅವನ ಆಟವೂ ಪಾಠವೂ ಆಯಿತು. ವಿದ್ಯುದ್ವಿಜ್ಞಾನವನ್ನು ಅವನಿಗೆ ಯಾವ ಗುರುವೂ ಕಲಿಸಲಿಲ್ಲ.

ಆಶ್ಚರ್ಯವೆಂದರೆ, ಕಾಲೇಜಿನಲ್ಲಿ ಅವನು ಆರಿಸಿಕೊಂಡ ವಿಷಯ ಲೆಕ್ಕಪತ್ರ. ೧೯೨೮ರಲ್ಲಿ ಪ್ರೌಢಶಾಲೆಯನ್ನು ಮುಗಿಸಿ ಫುಲರ್ಟನ್ ಜೂನಿಯರ್ ಕಾಲೇಜಿನಲ್ಲಿ ಓದಿ, ಮಂಜುಗಡ್ಡೆಯ ಕಂಪನಿಯೊಂದರಲ್ಲಿ ಮೊದಲು ಸರಕು ಹಂಚುವವನಾಗಿಯೂ ಅನಂತರ ಲೆಕ್ಕ ಬರೆಯುವವನಾಗಿಯೂ ದುಡಿದನು. ೧೯೩೪ರಲ್ಲಿ ಎಸ್ತರ್ ಕ್ಲಾಸ್ಕಿ ಎಂಬುವಳನ್ನು ವಿವಾಹವಾಗಿ ರಾಜ್ಯದ ಹೆದ್ದಾರಿ ಇಲಾಖೆಯಲ್ಲಿ ಲೆಕ್ಕಿಗನಾದನು. ಆದರೆ ಅದು ಅಮೆರಿಕವನ್ನು ಮಹಾ ಆರ್ಥಿಕ ಕುಸಿತ ಕಾಡುತ್ತಿದ್ದ ಕಾಲ. ಆ ಕೆಲಸ ಹೋಯಿತು. ಟೈರು ಕಂಪನಿಯೊಂದರಲ್ಲಿ ಸಿಕ್ಕಿದ ಮತ್ತೊಂದು ಕೆಲಸವೂ ಆರು ತಿಂಗಳಲ್ಲಿ ಕೈಬಿಟ್ಟಿತು. ಕೊನೆಗೆ ೧೯೩೮ರಲ್ಲಿ ಆರುನೂರು ಡಾಲರುಗಳನ್ನು ಸಾಲ ತಂದು, ಫುಲರ್ಟನ್ನಿನಲ್ಲಿ ರೇಡಿಯೋ ರಿಪೇರಿಯ ಅಂಗಡಿಯನ್ನು ತೆರೆದನು. ಆ ಎರಡು ಕೆಲಸಗಳಲ್ಲಿ ಒಂದಾದರೂ ಉಳಿದಿದ್ದರೆ ಈ ಕಥೆ ಇಲ್ಲಿಗೇ ನಿಲ್ಲುತ್ತಿತ್ತೋ ಏನೋ!

ರಿಪೇರಿಯ ಅಂಗಡಿ ಒಂದು ವಿಚಿತ್ರವಾದ ಪಾಠಶಾಲೆ. ಹೊಸ ವಸ್ತುವನ್ನು ಮಾರುವವನಿಗೆ ಅದರ ಹೊಳಪು ಮಾತ್ರ ಕಾಣುತ್ತದೆ. ಕೆಟ್ಟ ವಸ್ತುವನ್ನು ಬಿಚ್ಚುವವನಿಗೆ ಅದು ಎಲ್ಲಿ ಸೋಲುತ್ತದೆಂಬುದು ಕಾಣುತ್ತದೆ. ಯಾವ ಬೆಸುಗೆ ಬೇಗ ಬಿಟ್ಟುಕೊಳ್ಳುತ್ತದೆ, ಯಾವ ಭಾಗ ಬಿಸಿಗೆ ಸುಡುತ್ತದೆ, ಒಂದು ಸಣ್ಣ ತಂತಿಯನ್ನು ಬದಲಾಯಿಸಲು ಎಷ್ಟು ತಿರುಪುಮೊಳೆಗಳನ್ನು ಬಿಚ್ಚಬೇಕಾಗುತ್ತದೆ ಎಂಬುದೆಲ್ಲ ಫೆಂಡರನಿಗೆ ದಿನನಿತ್ಯದ ಅನುಭವವಾಯಿತು. ರೇಡಿಯೋಗಳ ಜೊತೆಗೆ ನೃತ್ಯಮಂದಿರಗಳ ವಾದಕರು ತಮ್ಮ ಧ್ವನಿವರ್ಧಕಗಳನ್ನೂ ಗಿಟಾರುಗಳನ್ನೂ ಅಲ್ಲಿಗೆ ತರತೊಡಗಿದರು. ಹೀಗೆ ಗಿಟಾರಿನ ಕಷ್ಟ ಅವನ ಮೇಜಿನ ಮೇಲೆ ತಾನಾಗಿ ಬಂದು ಕುಳಿತಿತು.

ಆ ಕಷ್ಟವೇನೆಂಬುದನ್ನು ತಿಳಿಯಬೇಕಾದರೆ ಗಿಟಾರಿನ ರಚನೆಯನ್ನು ನೆನೆಯಬೇಕು. ವೀಣೆಗೆ ಕೊಡವಿರುವಂತೆ ಗಿಟಾರಿಗೂ ಟೊಳ್ಳಾದ ಮರದ ಒಡಲಿದೆ. ತಂತಿಯ ಕಂಪನ ಕುದುರೆಯ ಮೂಲಕ ಆ ಒಡಲಿಗೆ ಇಳಿದು, ಒಳಗಿನ ಗಾಳಿಯನ್ನು ಅಲುಗಿಸಿ ಹೊರಬರುತ್ತದೆ. ನಾಲ್ಕು ಜನರ ಮುಂದೆ ನುಡಿಸಲು ಇದು ಸಾಕು. ಆದರೆ ಕಹಳೆಗಳೂ ಡೋಲುಗಳೂ ಮೊಳಗುವ ವಾದ್ಯವೃಂದದಲ್ಲಿ, ನೂರಾರು ಜನ ಕುಣಿಯುವ ಮಂದಿರದಲ್ಲಿ, ಗಿಟಾರಿನ ದನಿ ಯಾರ ಕಿವಿಗೂ ಬೀಳುತ್ತಿರಲಿಲ್ಲ. ೧೯೩೧ರ ಹೊತ್ತಿಗೆ ಜಾರ್ಜ್ ಬೀಚಮ್ ಎಂಬಾತನು ಇದಕ್ಕೊಂದು ಪರಿಹಾರ ಕಂಡುಹಿಡಿದಿದ್ದನು. ರಿಕನ್‌ಬ್ಯಾಕರ್ ಎಂಬುವನ ಜೊತೆಗೂಡಿ ಅವನು ಹೊರತಂದ ಗಿಟಾರಿಗೆ, ಅದರ ಆಕಾರದಿಂದಾಗಿ, ಬಾಣಲೆಯೆಂಬ ಅಡ್ಡಹೆಸರು ಬಂದಿತು. ತೊಡೆಯ ಮೇಲೆ ಅಡ್ಡಲಾಗಿ ಇಟ್ಟುಕೊಂಡು ಉಕ್ಕಿನ ತುಂಡನ್ನು ತಂತಿಗಳ ಮೇಲೆ ಜಾರಿಸಿ ನುಡಿಸುವ ಹವಾಯಿಯನ್ ಜಾತಿಯ ವಾದ್ಯವದು.

ಬೀಚಮನ ಉಪಾಯದ ಹಿಂದಿದ್ದ ತತ್ತ್ವ ಹೊಸದಲ್ಲ. ಅಯಸ್ಕಾಂತದ ಕ್ಷೇತ್ರ ಬದಲಾದಾಗ ಅದರಲ್ಲಿರುವ ತಂತಿಯ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆಂಬುದನ್ನು ಮೈಕೆಲ್ ಫ್ಯಾರಡೆ ೧೮೩೧ರಲ್ಲಿಯೇ ತೋರಿಸಿದ್ದನು. ಗಿಟಾರಿನ ಉಕ್ಕಿನ ತಂತಿಯ ಕೆಳಗೆ ಒಂದು ಅಯಸ್ಕಾಂತವನ್ನಿಟ್ಟು, ಅದರ ಸುತ್ತ ತಾಮ್ರದ ಸಣ್ಣ ತಂತಿಯನ್ನು ಸಾವಿರಾರು ಸುತ್ತು ಸುತ್ತಿದರೆ ಪಿಕಪ್ ಎಂಬ ಸಾಧನ ಸಿದ್ಧವಾಗುತ್ತದೆ. ಮೀಟಿದ ತಂತಿ ಅಯಸ್ಕಾಂತದ ಮುಂದೆ ಅತ್ತಿತ್ತ ತುಯ್ಯುತ್ತದೆ; ಕ್ಷೇತ್ರ ಅದೇ ಲಯದಲ್ಲಿ ಏರಿಳಿಯುತ್ತದೆ; ಸುರುಳಿಯಲ್ಲಿ ಅದೇ ಲಯದ ಕ್ಷೀಣವಾದ ವಿದ್ಯುತ್ತು ಹುಟ್ಟುತ್ತದೆ. ಗಿಟಾರಿನ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು ೮೨ ಬಾರಿ, ಅತಿ ಸಣ್ಣ ತಂತಿ ಸುಮಾರು ೩೩೦ ಬಾರಿ ಕಂಪಿಸುತ್ತದೆ. ಈ ಮೂಲ ಕಂಪನಗಳ ಜೊತೆಗೆ ಅವುಗಳ ಗುಣಿತಗಳಾದ ಉಪಸ್ವರಗಳೂ ಇರುತ್ತವೆ. ಎಲ್ಲವೂ ವಿದ್ಯುತ್ತಿನ ರೂಪ ತಾಳಿ ವರ್ಧಕಯಂತ್ರವನ್ನು ಸೇರಿ, ಸಾವಿರ ಪಟ್ಟು ಬಲಗೊಂಡು ಧ್ವನಿಯಾಗುತ್ತವೆ. ಇಲ್ಲಿ ಗಾಳಿಯ ಕಂಪನಕ್ಕೆ ಕೆಲಸವಿಲ್ಲ. ಪಿಕಪ್ ಕೇಳಿಸಿಕೊಳ್ಳುವುದು ಉಕ್ಕಿನ ಚಲನೆಯನ್ನು.

ಹಾಗಿದ್ದ ಮೇಲೆ ಟೊಳ್ಳಾದ ಒಡಲೇಕೆ? ಅದರಿಂದ ಉಪಕಾರಕ್ಕಿಂತ ಅಪಕಾರವೇ ಹೆಚ್ಚಾಗಿತ್ತು. ದನಿಯನ್ನು ಎತ್ತರಿಸಿದೊಡನೆ ಧ್ವನಿವರ್ಧಕದ ಸದ್ದಿಗೆ ಮರದ ಒಡಲು ತಾನೂ ಅದುರುತ್ತಿತ್ತು. ಆ ಅದುರು ತಂತಿಗೆ, ತಂತಿಯಿಂದ ಪಿಕಪ್ಪಿಗೆ ಹರಿದು, ಮತ್ತೆ ದೊಡ್ಡದಾಗಿ ಹೊರಬಂದು ಕರ್ಕಶವಾದ ಊಳಾಗುತ್ತಿತ್ತು. ಸಭೆಗಳಲ್ಲಿ ಧ್ವನಿವರ್ಧಕದ ಮುಂದೆ ಮೈಕನ್ನು ತಂದಾಗ ಕೇಳಿಬರುವ ಕೂಗಿನಂಥದೇ ಇದು. ಟೊಳ್ಳನ್ನೇ ತೆಗೆದು ಗಟ್ಟಿಮರದ ಒಡಲನ್ನಿಟ್ಟರೆ ಈ ಪೀಡೆ ಬಹುಮಟ್ಟಿಗೆ ತೊಲಗುತ್ತದೆ. ಈ ಕಲ್ಪನೆ ಫೆಂಡರನೊಬ್ಬನದೇ ಎನ್ನುವುದು ಸರಿಯಲ್ಲ. ಲೆಸ್ ಪಾಲ್ ಎಂಬ ಪ್ರಸಿದ್ಧ ವಾದಕನೂ ಪಾಲ್ ಬಿಗ್ಸ್‌ಬಿ ಎಂಬ ಕುಶಲಕರ್ಮಿಯೂ ಅದೇ ದಾರಿಯಲ್ಲಿ ನಡೆದಿದ್ದರು. ಫೆಂಡರನ ಹಿರಿಮೆ ಇರುವುದು ಬೇರೆ ಕಡೆ.

ಯುದ್ಧದ ವರ್ಷಗಳಲ್ಲಿ ಅವನಿಗೆ ಕ್ಲೇಟನ್ ಕಾಫ್‌ಮನ್ ಎಂಬ ಗಿಟಾರ್ ವಾದಕನ ಸ್ನೇಹವಾಯಿತು. ಡಾಕ್ ಎಂದು ಜನ ಕರೆಯುತ್ತಿದ್ದ ಈತನು ಸ್ವತಃ ಶೋಧಕ. ಇಬ್ಬರೂ ಕೂಡಿ ಹೊಸ ಪಿಕಪ್ಪೊಂದನ್ನು ಪರೀಕ್ಷಿಸುವುದಕ್ಕೆಂದು ಒರಟಾದ ಮರದ ತುಂಡಿಗೆ ತಂತಿ ಬಿಗಿದು ಗಿಟಾರಿನಂಥದೊಂದನ್ನು ಮಾಡಿದರು. ಅದು ಕೇವಲ ಪರೀಕ್ಷೆಯ ಸಾಧನ. ಆದರೆ ಅದರ ದನಿಯನ್ನು ಕೇಳಿದ ಸ್ಥಳೀಯ ವಾದಕರು ಒಂದು ರಾತ್ರಿಯ ಮಟ್ಟಿಗೆ ಎರವಲು ಕೊಡಿರೆಂದು ಬರತೊಡಗಿದರು. ಕಾರ್ಖಾನೆಯ ಕಲ್ಪನೆ ಮೊಳೆತದ್ದು ಹೀಗೆ. ೧೯೪೫ರಲ್ಲಿ ಇಬ್ಬರೂ ತೊಡೆಯ ಮೇಲಿಟ್ಟು ನುಡಿಸುವ ಗಿಟಾರುಗಳನ್ನು ಪುಟ್ಟ ವರ್ಧಕಯಂತ್ರದ ಸಮೇತ ಮಾರಿದರು. ವ್ಯಾಪಾರದ ಅಪಾಯಕ್ಕೆ ಅಂಜಿದ ಕಾಫ್‌ಮನ್ ಮರುವರ್ಷ ಹೊರನಡೆದನು. ಫೆಂಡರ್ ಒಬ್ಬನೇ ಮುಂದುವರಿದು ತನ್ನ ಹೆಸರಿನಲ್ಲಿಯೇ ವಿದ್ಯುತ್ ವಾದ್ಯಗಳ ಕಂಪನಿಯನ್ನು ಸ್ಥಾಪಿಸಿದನು. ೧೯೪೮ರಲ್ಲಿ ಜಾರ್ಜ್ ಫುಲರ್ಟನ್ ಎಂಬ ತರುಣನು ಅವನನ್ನು ಸೇರಿಕೊಂಡನು. ಊರಿಗೂ ಈ ತರುಣನಿಗೂ ಹೆಸರು ಒಂದೇ!

೧೯೫೦ರಲ್ಲಿ ಆ ಕಾರ್ಖಾನೆಯಿಂದ ಗಟ್ಟಿಮರದ ಗಿಟಾರು ಹೊರಬಂದಿತು. ಅದಕ್ಕೆ ಬ್ರಾಡ್‌ಕಾಸ್ಟರ್ ಎಂಬ ಹೆಸರನ್ನಿಟ್ಟಾಗ, ಅದನ್ನೇ ಹೋಲುವ ಹೆಸರಿನಲ್ಲಿ ಡೋಲುಗಳನ್ನು ಮಾರುತ್ತಿದ್ದ ಗ್ರೆಚ್ ಕಂಪನಿ ಆಕ್ಷೇಪಿಸಿತು. ೧೯೫೧ರಲ್ಲಿ ಹೆಸರು ಟೆಲಿಕಾಸ್ಟರ್ ಎಂದು ಬದಲಾಯಿತು. ನೋಡುವವರಿಗೆ ಅದು ಹಲಗೆಯೊಂದಕ್ಕೆ ದಂಡಿಯನ್ನು ಜೋಡಿಸಿದಂತೆ ಕಾಣುತ್ತಿತ್ತು. ಅಂದಿನ ಹೆಸರಾಂತ ವಾದ್ಯಗಳಲ್ಲಿ ದಂಡಿಯನ್ನು ಒಡಲಿಗೆ ಅಂಟಿನಿಂದ ಕೂಡಿಸುತ್ತಿದ್ದರು. ಫೆಂಡರ್ ಅದನ್ನು ನಾಲ್ಕು ತಿರುಪುಮೊಳೆಗಳಿಂದ ಬಿಗಿದನು. ದಂಡಿ ಸವೆದರೆ ವಾದ್ಯವನ್ನು ಬಿಸುಡಬೇಕಾಗಿಲ್ಲ, ಬೇರೆ ದಂಡಿಯನ್ನು ಹಾಕಿದರಾಯಿತು. ವಾದ್ಯದ ಮುಖದ ಮೇಲಿದ್ದ ಲೋಹದ ಪಟ್ಟಿಯ ಎರಡು ತಿರುಪುಗಳನ್ನು ಬಿಚ್ಚಿದರೆ ಒಳಗಿನ ವಿದ್ಯುನ್ಮಂಡಲದ ಬಹುಭಾಗ ಆ ಪಟ್ಟಿಗೆ ಅಂಟಿಕೊಂಡೇ ಕೈಗೆ ಬರುತ್ತಿತ್ತು. ರಿಪೇರಿಗಾರನು ತನ್ನಂಥ ಇನ್ನೊಬ್ಬ ರಿಪೇರಿಗಾರನನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ವಾದ್ಯವೆಂದರೆ ಇದೇ.

ಆ ಪಟ್ಟಿಯ ಕೆಳಗೆ ಏನಿತ್ತು? ಎರಡು ತಿರುಗುಗುಂಡಿಗಳು, ಒಂದು ಆಯ್ಕೆಯ ಸ್ವಿಚ್ಚು, ಒಂದೆರಡು ಕೆಪಾಸಿಟರುಗಳು, ಕೆಲವು ತಂತಿಗಳು, ಅಷ್ಟೇ. ರೇಡಿಯೋವನ್ನು ಬಿಚ್ಚಿ ನೋಡಿದವನಿಗೆ ಇದು ಮಕ್ಕಳಾಟದಂತೆ ತೋರಬಹುದು. ಆದರೆ ಈ ಕೆಲವೇ ವಸ್ತುಗಳ ಹೊಂದಾಣಿಕೆಯಲ್ಲಿ ದನಿಯ ಮರ್ಮವೆಲ್ಲ ಅಡಗಿತ್ತು.

ಮೊದಲನೆಯ ಗುಂಡಿ ದನಿಯನ್ನು ಏರಿಸಿ ಇಳಿಸುವುದು. ಅದರೊಳಗೆ ಸುಮಾರು ೨,೫೦,೦೦೦ ಓಮ್ ರೋಧವುಳ್ಳ ಇಂಗಾಲದ ಪಟ್ಟಿಯೂ ಅದರ ಮೇಲೆ ಜಾರುವ ಲೋಹದ ತುದಿಯೂ ಇರುತ್ತವೆ. ಕೆರೆಯ ತೂಬಿನಲ್ಲಿ ಗದ್ದೆಗೆ ಬಿಡುವ ನೀರನ್ನು ಹೆಚ್ಚುಕಡಿಮೆ ಮಾಡುವಂತೆ, ಪಿಕಪ್ಪಿನಿಂದ ಬಂದ ವಿದ್ಯುತ್ತಿನ ಎಷ್ಟು ಪಾಲು ಹೊರಗೆ ಹೋಗಬೇಕೆಂಬುದನ್ನು ಅದು ನಿರ್ಧರಿಸುತ್ತದೆ. ಇಂಗಾಲದ ಮೇಲೆ ಧೂಳು ಕುಳಿತರೆ ಗುಂಡಿಯನ್ನು ತಿರುಗಿಸಿದಾಗಲೆಲ್ಲ ಕರಕರ ಸದ್ದು ಬರುತ್ತದೆ. ಗಿಟಾರ್ ಕೆಟ್ಟಿತೆಂದು ಗಾಬರಿಯಾಗುವವರು ಅದನ್ನು ಶುಚಿಮಾಡಿದರೆ ಸಾಕು. ಎರಡನೆಯ ಗುಂಡಿ ನಾದದ ಬಣ್ಣವನ್ನು ಬದಲಿಸುವುದು. ಕೆಪಾಸಿಟರಿಗೆ ಒಂದು ಸ್ವಭಾವವಿದೆ: ವೇಗವಾದ ಕಂಪನಗಳಿಗೆ ಅದು ಸಲೀಸಾಗಿ ದಾರಿ ಬಿಡುತ್ತದೆ, ನಿಧಾನವಾದವುಗಳನ್ನು ತಡೆಯುತ್ತದೆ. ಗುಂಡಿಯನ್ನು ತಿರುಗಿಸಿದಂತೆ ತಾರದ ಕಂಪನಗಳು ಕೆಪಾಸಿಟರಿನ ಮೂಲಕ ಭೂಸಂಪರ್ಕದ ತಂತಿಗೆ ಸೋರಿಹೋಗಿ, ಮಂದ್ರದವು ಮಾತ್ರ ಉಳಿಯುತ್ತವೆ. ಚುರುಕಾಗಿ ಮಿಂಚುತ್ತಿದ್ದ ನಾದ ಮೃದುವಾಗುತ್ತದೆ. ಈ ಗುಂಡಿ ಯಾವುದನ್ನೂ ಹೊಸದಾಗಿ ಸೇರಿಸುವುದಿಲ್ಲ, ಇರುವುದರಲ್ಲಿ ಒಂದಂಶವನ್ನು ಕಳೆಯುತ್ತದೆ. ಹೊಸ ಗಿಟಾರನ್ನು ಕೈಗೆತ್ತಿಕೊಂಡವರು ಮೊದಲು ಮರೆಯುವ ಸಂಗತಿ ಇದು.

ಫೆಂಡರನ ಮೊದಲ ಜೋಡಣೆಯೇ ಕೊನೆಯದಾಗಲಿಲ್ಲ. ೧೯೫೦ರ ವಾದ್ಯದಲ್ಲಿ ಎರಡನೆಯ ಗುಂಡಿ ನಾದದ ಬಣ್ಣವನ್ನು ಬದಲಿಸುತ್ತಿರಲಿಲ್ಲ. ಕುದುರೆಯ ಬಳಿಯ ಪಿಕಪ್ಪಿನ ದನಿಗೆ ದಂಡಿಯ ಬಳಿಯ ಪಿಕಪ್ಪಿನ ದನಿಯನ್ನು ಬೇಕಾದಷ್ಟು ಬೆರೆಸುತ್ತಿತ್ತು. ಸ್ವಿಚ್ಚಿನ ಒಂದು ನೆಲೆಯಲ್ಲಿ ಕೆಪಾಸಿಟರನ್ನು ಶಾಶ್ವತವಾಗಿ ಸೇರಿಸಿ, ಗಿಟಾರಿನಲ್ಲಿಯೇ ಮಂದ್ರವಾದ್ಯದಂಥ ಗಂಭೀರ ದನಿ ಬರುವಂತೆ ಮಾಡಿದ್ದನು. ೧೯೫೨ರಲ್ಲಿ ಬೆರೆಸುವ ಗುಂಡಿ ಹೋಗಿ ಬಣ್ಣದ ಗುಂಡಿ ಬಂದಿತು. ಮಂದ್ರದ ನೆಲೆ ಮಾತ್ರ ೧೯೬೭ರವರೆಗೂ ಉಳಿಯಿತು. ಆ ವರ್ಷವಷ್ಟೇ ಸ್ವಿಚ್ಚಿನ ನಡುನೆಲೆಯಲ್ಲಿ ಎರಡೂ ಪಿಕಪ್ಪುಗಳು ಒಟ್ಟಿಗೆ ನುಡಿಯುವ ಇಂದಿನ ಜೋಡಣೆ ಆ ಗಿಟಾರಿಗೆ ದಕ್ಕಿತು. ಮರ ಅದೇ, ತಂತಿ ಅದೇ. ಬೆಸುಗೆಯ ಎರಡು ತುದಿಗಳನ್ನು ಅದಲುಬದಲು ಮಾಡಿದ್ದರಿಂದಲೇ ವಾದ್ಯ ಬೇರೆಯಾಗುತ್ತಿತ್ತು.

ಮಂದ್ರವಾದ್ಯದ ಕೊರತೆಯನ್ನು ನೀಗಲು ೧೯೫೧ರಲ್ಲಿಯೇ ಅವನು ಪ್ರಿಸಿಷನ್ ಬೇಸ್ ಎಂಬ ಪ್ರತ್ಯೇಕ ವಾದ್ಯವನ್ನು ಹೊರತಂದನು. ಆಳೆತ್ತರದ ಪಿಟೀಲಿನಂಥ ಭಾರಿ ವಾದ್ಯವನ್ನು ಊರಿಂದೂರಿಗೆ ಹೊತ್ತು ತಿರುಗುತ್ತಿದ್ದ ವಾದಕರಿಗೆ, ಕೊರಳಿಗೆ ತೂಗುಹಾಕಿಕೊಳ್ಳಬಹುದಾದ ಈ ವಾದ್ಯ ವರವಾಗಿ ಬಂದಿತು.

ಎಲ್ಲಕ್ಕಿಂತ ಹೆಚ್ಚು ಪ್ರಸಿದ್ಧವಾದ ಸ್ಟ್ರಾಟೊಕಾಸ್ಟರ್ ೧೯೫೪ರಲ್ಲಿ ಬಂದಿತು. ಇದರ ರಚನೆಯಲ್ಲಿ ಹವಾಯಿ ದ್ವೀಪಗಳಲ್ಲಿ ಹುಟ್ಟಿದ ಫ್ರೆಡಿ ಟವಾರೆಸ್ ಎಂಬ ವಾದಕನು ಫೆಂಡರನ ಬಲಗೈಯಾಗಿ ದುಡಿದನು. ಬಿಲ್ ಕಾರ್ಸನ್ ಎಂಬ ಇನ್ನೊಬ್ಬ ವಾದಕನು ನುಡಿಸಿ ನುಡಿಸಿ ದೋಷಗಳನ್ನು ಎತ್ತಿ ತೋರಿದನು. ಫೆಂಡರನ ಗುಟ್ಟು ಇದೇ. ತನಗೆ ನುಡಿಸಲು ಬಾರದೆಂಬುದನ್ನು ಅವನು ಎಂದೂ ಮರೆಮಾಡಲಿಲ್ಲ. ಹೊಸ ಮಾದರಿಯನ್ನು ವಾದಕರ ಕೈಗೆ ಕೊಟ್ಟು, ಅವರು ನೃತ್ಯಮಂದಿರಗಳಲ್ಲಿ ದುಡಿದು ತಂದ ದೂರುಗಳನ್ನು ಕೇಳಿ, ಮತ್ತೆ ಮೇಜಿನ ಮುಂದೆ ಕುಳಿತು ತಿದ್ದುವನು. ಒಡಲಿನ ಅಂಚು ಪಕ್ಕೆಲುಬಿಗೆ ಒತ್ತುತ್ತದೆಂದು ವಾದಕರು ಹೇಳಿದರೆ ಅಂಚನ್ನು ಕೆತ್ತಿಸಿದನು. ತಾನೇ ನಿಪುಣನಾಗಿದ್ದರೆ ತನ್ನ ಕೈಗೆ ಹೊಂದುವ ವಾದ್ಯವೊಂದನ್ನು ಮಾಡಿ ತೃಪ್ತನಾಗುತ್ತಿದ್ದನೇನೋ. ನುಡಿಸಲರಿಯದವನಾದ್ದರಿಂದ ಎಲ್ಲರ ಕೈಗಳನ್ನೂ ಗಮನಿಸಬೇಕಾಯಿತು.

ಸ್ಟ್ರಾಟೊಕಾಸ್ಟರಿನಲ್ಲಿ ಮೂರು ಪಿಕಪ್ಪುಗಳು. ಪ್ರತಿಯೊಂದರಲ್ಲಿಯೂ ಆರು ತಂತಿಗಳಿಗೆ ಆರು ಅಯಸ್ಕಾಂತದ ಕಡ್ಡಿಗಳು. ಅವುಗಳ ಸುತ್ತ ತಲೆಗೂದಲಿನಷ್ಟು ಸಣ್ಣ ತಾಮ್ರದ ತಂತಿ ಸುಮಾರು ಎಂಟು ಸಾವಿರ ಸುತ್ತು. ಒಂದೇ ಬಗೆಯ ಪಿಕಪ್ಪನ್ನು ಮೂರು ಕಡೆ ಇಟ್ಟರೆ ಮೂರು ಬಗೆಯ ದನಿ ಬರುವುದು ಹೇಗೆ? ಕುದುರೆಯ ಬಳಿ ತಂತಿ ಬಿಗಿಯಾಗಿ ನಿಂತು ಸ್ವಲ್ಪವೇ ತುಯ್ಯುತ್ತದೆ. ಅಲ್ಲಿ ಉಪಸ್ವರಗಳ ಪಾಲು ಹೆಚ್ಚು, ಆದ್ದರಿಂದ ನಾದ ತೀಕ್ಷ್ಣ. ದಂಡಿಯ ಕಡೆಗೆ ಸರಿದಂತೆ ತಂತಿಯ ತುಯ್ತ ದೊಡ್ಡದಾಗಿ ನಾದ ತುಂಬಿಕೊಳ್ಳುತ್ತದೆ. ಈ ಕಾರಣದಿಂದಲೇ ದಂಡಿಯ ಬಳಿಯ ಪಿಕಪ್ಪು ಇತರ ಎರಡನ್ನೂ ಮೀರಿ ಕೂಗದಂತೆ ಅದನ್ನು ಸ್ವಲ್ಪ ತಗ್ಗಿಸಿಡಬೇಕು. ಕುದುರೆಯ ಬಳಿಯದನ್ನು ತಂತಿಗೆ ಹತ್ತಿರ ತರಬೇಕು. ಅದಕ್ಕೆಂದು ಪ್ರತಿ ಪಿಕಪ್ಪಿನ ಎರಡು ತುದಿಗಳಲ್ಲಿಯೂ ತಿರುಪುಗಳಿವೆ. ಒಂದು ಸುತ್ತು, ಅರ್ಧ ಸುತ್ತು ತಿರುಗಿಸಿ, ನುಡಿಸಿ ಕೇಳಿ, ಮತ್ತೆ ಕಾಲು ಸುತ್ತು ತಿರುಗಿಸಿ ಹೊಂದಿಸುವ ಕೆಲಸವಿದು. ಹತ್ತಿರವಾದಷ್ಟೂ ದನಿ ಜೋರೆಂಬ ಆಸೆಯಿಂದ ಪಿಕಪ್ಪನ್ನು ತೀರ ಮೇಲೆತ್ತಿದರೆ ಅಯಸ್ಕಾಂತವು ತಂತಿಯನ್ನೇ ಸೆಳೆಯತೊಡಗುತ್ತದೆ. ಆಗ ದಪ್ಪ ತಂತಿಗಳ ಶ್ರುತಿ ಕದಡುತ್ತದೆ, ನಾದ ಬೇಗ ಸಾಯುತ್ತದೆ. ಬಿರಡೆಯನ್ನು ಎಷ್ಟು ತಿರುಗಿಸಿದರೂ ವಾಸಿಯಾಗದ ಈ ಅಪಶ್ರುತಿಗೆ ಮದ್ದು ತಿರುಪುಳಿಯಲ್ಲಿದೆ.

ಆರು ಕಡ್ಡಿಗಳ ಎತ್ತರವೂ ಒಂದೇ ಅಲ್ಲ. ಅಂದಿನ ಗಿಟಾರಿನಲ್ಲಿ ಮೂರನೆಯ ತಂತಿಯ ಮೇಲೆ ಇನ್ನೊಂದು ಸಣ್ಣ ತಂತಿಯನ್ನು ಸುತ್ತಿರುತ್ತಿದ್ದರು. ಅಯಸ್ಕಾಂತಕ್ಕೆ ತಿಳಿಯುವುದು ಮುಖ್ಯವಾಗಿ ಒಳಗಿನ ಉಕ್ಕಿನ ಎಳೆ. ಆ ಎಳೆ ತೆಳುವಾದ್ದರಿಂದ ಅದರ ದನಿ ಕುಗ್ಗದಂತೆ ಕೆಳಗಿನ ಕಡ್ಡಿಯನ್ನು ಎತ್ತರಿಸಲಾಗಿತ್ತು. ಮುಂದೆ ವಾದಕರು ಸುತ್ತಿಲ್ಲದ ತಂತಿಯನ್ನು ಬಳಸತೊಡಗಿದಾಗ ಅದೇ ಕಡ್ಡಿ ಆ ಒಂದು ತಂತಿಯನ್ನು ಮಿತಿಮೀರಿ ಕೂಗಿಸಿತು. ಸರಿಯಾದ ಲೆಕ್ಕವೂ ಕಾಲ ಬದಲಾದಾಗ ತಪ್ಪುವುದುಂಟು.

ಒಂಟಿ ಸುರುಳಿಯ ಪಿಕಪ್ಪಿಗೆ ಒಂದು ಜನ್ಮದೋಷವಿದೆ. ತಂತಿಯ ಕಂಪನವನ್ನು ಹಿಡಿಯುವ ಸುರುಳಿಯೇ ಸುತ್ತಲಿನ ದೀಪಗಳ, ಟ್ರಾನ್ಸ್‌ಫಾರ್ಮರುಗಳ ಕ್ಷೇತ್ರವನ್ನೂ ಹಿಡಿದು ಗುಂಯ್ ಎಂದು ಗುನುಗುತ್ತದೆ. ಪರ್ಯಾಯ ವಿದ್ಯುತ್ತು ಅಮೆರಿಕದಲ್ಲಿ ಸೆಕೆಂಡಿಗೆ ೬೦ ಆವರ್ತಗಳದು, ಭಾರತದಲ್ಲಿ ೫೦ ಆವರ್ತಗಳದು. ಗುನುಗಿನ ಶ್ರುತಿ ಅದಕ್ಕೆ ತಕ್ಕಂತೆ ಬೇರೆಯಾಗುತ್ತದೆ. ಕುದುರೆಯಿಂದ ಭೂಸಂಪರ್ಕಕ್ಕೆ ಎಳೆದಿರುವ ತಂತಿಯೊಂದು ಈ ಗಲಾಟೆಯನ್ನು ಸ್ವಲ್ಪ ತಗ್ಗಿಸುತ್ತದೆ. ತಂತಿಗಳ ಮೇಲೆ ಕೈಯಿಟ್ಟಾಗ ಸದ್ದು ಕಡಿಮೆಯಾಗಿ, ತೆಗೆದಾಗ ಹೆಚ್ಚಾದರೆ ವಾದ್ಯ ಕೆಟ್ಟಿದೆಯೆಂದು ತಿಳಿಯಬಾರದು; ಆ ಭೂಸಂಪರ್ಕ ಕೆಲಸ ಮಾಡುತ್ತಿದೆಯೆಂಬುದಕ್ಕೆ ಅದು ಗುರುತು. ದೋಷವನ್ನು ಬೇರುಸಹಿತ ಕಿತ್ತವನು ಪ್ರತಿಸ್ಪರ್ಧಿಯಾದ ಗಿಬ್ಸನ್ ಕಂಪನಿಯ ಸೆತ್ ಲವರ್. ೧೯೫೫ರಲ್ಲಿ ಅವನು ಎದುರುಬದುರು ಸ್ವಭಾವದ ಎರಡು ಸುರುಳಿಗಳನ್ನು ಜೊತೆಗೂಡಿಸಿ, ಹೊರಗಿನ ಗುನುಗು ತನ್ನನ್ನು ತಾನೇ ಅಳಿಸಿಕೊಳ್ಳುವಂತೆ ಮಾಡಿದನು. ಫೆಂಡರನೂ ಈ ತತ್ತ್ವವನ್ನು ಅರಿಯದವನಲ್ಲ. ೧೯೫೭ರಲ್ಲಿ ತನ್ನ ಬೇಸ್ ವಾದ್ಯದ ಪಿಕಪ್ಪನ್ನು ಎರಡಾಗಿ ಸೀಳಿ ಅದೇ ಫಲವನ್ನು ಪಡೆದನು. ಸ್ಟ್ರಾಟೊಕಾಸ್ಟರಿನಲ್ಲಿ ಮಾತ್ರ ಒಂಟಿ ಸುರುಳಿಯೇ ಉಳಿಯಿತು. ಅದರ ತಿಳಿನಾದಕ್ಕೆ ಮಾರುಹೋದವರು ಗುನುಗನ್ನು ಸಹಿಸಿಕೊಂಡರು.

ವಾದ್ಯ ಮಾಡಿದವನ ಎಣಿಕೆಯನ್ನು ಮೀರಿ ನಡೆಯುವ ಹಕ್ಕು ನುಡಿಸುವವನಿಗಿದೆಯೆಂಬುದನ್ನು ಫೆಂಡರನ ಗಿಟಾರುಗಳು ಹಲವು ಬಾರಿ ತೋರಿಸಿಕೊಟ್ಟವು. ಸ್ಟ್ರಾಟೊಕಾಸ್ಟರಿನ ಸ್ವಿಚ್ಚಿಗೆ ಮೂರೇ ನೆಲೆಗಳು, ನೆಲೆಗೊಂದು ಪಿಕಪ್ಪು. ಕೆಲವು ವಾದಕರು ಆ ಸ್ವಿಚ್ಚನ್ನು ಎರಡು ನೆಲೆಗಳ ನಡುವೆ ಉಪಾಯವಾಗಿ ನಿಲ್ಲಿಸಿ, ಎರಡೆರಡು ಪಿಕಪ್ಪುಗಳನ್ನು ಒಟ್ಟಿಗೆ ನುಡಿಸಿ ಹೊಸದೊಂದು ನಾದವನ್ನು ಪಡೆದರು. ಕಂಪನಿ ಇದನ್ನೊಪ್ಪಿ ಐದು ನೆಲೆಗಳ ಸ್ವಿಚ್ಚನ್ನು ಹಾಕಿದ್ದು ೧೯೭೭ರಲ್ಲಿ. ವರ್ಧಕಯಂತ್ರದ ವಿಷಯದಲ್ಲಿಯೂ ಹೀಗೆಯೇ. ಫೆಂಡರ್ ಬಯಸಿದ್ದು ಎಷ್ಟು ಎತ್ತರಿಸಿದರೂ ಒಡೆಯದ ತಿಳಿಯಾದ ದನಿಯನ್ನು. ಅದಕ್ಕಾಗಿ ಒಂದಕ್ಕಿಂತ ಒಂದು ಬಲವಾದ ಯಂತ್ರಗಳನ್ನು ಮಾಡಿದನು. ವಾದಕರೋ ಅವುಗಳನ್ನು ತುದಿಯವರೆಗೆ ತಿರುಗಿಸಿ, ವಾಲ್ವುಗಳು ತಾಳಲಾರದೆ ಒಡೆದು ಹೊರಡಿಸುವ ಗರ್ಜನೆಯನ್ನೇ ಪ್ರೀತಿಸಿದರು. ೧೯೬೯ರ ಆಗಸ್ಟಿನಲ್ಲಿ ವುಡ್‌ಸ್ಟಾಕ್ ಸಂಗೀತೋತ್ಸವದಲ್ಲಿ ಜಿಮಿ ಹೆಂಡ್ರಿಕ್ಸ್ ಸ್ಟ್ರಾಟೊಕಾಸ್ಟರನ್ನು ಹಿಡಿದು ನಿಂತು, ಯಾವ ಊಳನ್ನು ಓಡಿಸಲು ಗಟ್ಟಿಮರದ ಒಡಲು ಬಂದಿತ್ತೋ ಅದೇ ಊಳನ್ನು ಮತ್ತೆ ಕರೆದು ತನ್ನ ನಾಡಿನ ರಾಷ್ಟ್ರಗೀತೆಯೊಳಗೆ ಬೆರೆಸಿದನು. ಅವನು ಎಡಗೈಯವನು; ಬಲಗೈಯವರ ವಾದ್ಯವನ್ನೇ ತಲೆಕೆಳಗು ಮಾಡಿ, ತಂತಿಗಳನ್ನು ಮರಳಿ ಕಟ್ಟಿ ನುಡಿಸುತ್ತಿದ್ದನು. ಓರೆಯಾಗಿದ್ದ ಪಿಕಪ್ಪಿನ ವಾಲು ಇದರಿಂದ ತಿರುವುಮುರುವಾಯಿತು. ಎತ್ತರ ತಗ್ಗಿನ ಕಡ್ಡಿಗಳ ಕೆಳಗೆ ಬೇರೆ ಬೇರೆ ತಂತಿಗಳು ಬಂದವು. ಫೆಂಡರನ ಲೆಕ್ಕಾಚಾರವೆಲ್ಲ ಬುಡಮೇಲಾದರೂ ನಾದ ಕೆಡಲಿಲ್ಲ.

ಅಷ್ಟರಲ್ಲಿ ಆ ಕಂಪನಿ ಫೆಂಡರನದಾಗಿ ಉಳಿದಿರಲಿಲ್ಲ. ೧೯೫೦ರ ದಶಕದ ನಡುವಿನಿಂದಲೂ ಮೂಗಿನ ಕುಹರಗಳ ಸೋಂಕು ಅವನನ್ನು ಬಾಧಿಸುತ್ತಿತ್ತು. ಯಾವ ಚಿಕಿತ್ಸೆಯಿಂದಲೂ ಗುಣವಾಗದಿರಲು, ತನಗೆ ಹೆಚ್ಚು ಕಾಲವಿಲ್ಲವೆಂದು ಬಗೆದು, ೧೯೬೫ರ ಜನವರಿಯಲ್ಲಿ ಸಿಬಿಎಸ್ ಎಂಬ ದೊಡ್ಡ ಪ್ರಸಾರ ಸಂಸ್ಥೆಗೆ ಕಂಪನಿಯನ್ನು ಒಂದು ಕೋಟಿ ಮೂವತ್ತು ಲಕ್ಷ ಡಾಲರುಗಳಿಗೆ ಮಾರಿದನು. ಸ್ವಲ್ಪ ಕಾಲದಲ್ಲಿಯೇ ಬೇರೊಬ್ಬ ವೈದ್ಯನ ಚಿಕಿತ್ಸೆಯಿಂದ ಅವನ ರೋಗ ಪೂರ್ತಿ ವಾಸಿಯಾಯಿತು! ದೇಹಕ್ಕೆ ಆರೋಗ್ಯ ಮರಳಿತು, ಕೈಯಲ್ಲಿ ಹಣವಿತ್ತು. ಆದರೆ ತನ್ನ ಹೆಸರು ಹೊತ್ತ ಗಿಟಾರುಗಳ ಮೇಲೆ ಅಧಿಕಾರವಿರಲಿಲ್ಲ. ಹತ್ತು ವರ್ಷ ಪ್ರತಿಸ್ಪರ್ಧಿಯಾಗಿ ನಿಲ್ಲಬಾರದೆಂಬ ಕರಾರು ಬೇರೆ. ಹೊಸ ಒಡೆಯರ ಕಾಲದಲ್ಲಿ ವಾದ್ಯಗಳ ಗುಣ ಇಳಿಯಿತೆಂದು ವಾದಕರು ಗೊಣಗಿದರು. ೧೯೬೫ಕ್ಕೆ ಮುಂಚಿನ ಗಿಟಾರುಗಳನ್ನು ಹುಡುಕಿ ಹುಡುಕಿ ಕೊಳ್ಳತೊಡಗಿದರು.

ಕರಾರಿನ ಅವಧಿ ಮುಗಿಯುತ್ತಲೇ, ೧೯೭೫ರಲ್ಲಿ, ಹಳೆಯ ಸಂಗಡಿಗರು ಕಟ್ಟಿದ್ದ ಮ್ಯೂ‌ಸಿಕ್ ಮ್ಯಾನ್ ಕಂಪನಿಯ ಅಧ್ಯಕ್ಷನಾದನು. ಮರುವರ್ಷ ಅಲ್ಲಿಂದ ಹೊರಬಂದ ಸ್ಟಿಂಗ್‌ರೇ ಎಂಬ ಬೇಸ್ ಗಿಟಾರಿನ ಒಡಲಿನಲ್ಲಿ ಬ್ಯಾಟರಿಯಿಂದ ನಡೆಯುವ ಪುಟ್ಟ ವರ್ಧಕವಿತ್ತು. ಹಳೆಯ ಬಣ್ಣದ ಗುಂಡಿ ಕಳೆಯುವುದನ್ನು ಮಾತ್ರ ಬಲ್ಲದು. ಈ ಹೊಸ ವಿದ್ಯುನ್ಮಂಡಲ ಸೇರಿಸುವುದನ್ನೂ ಬಲ್ಲುದಾಗಿತ್ತು. ಉದ್ದವಾದ ಕೇಬಲ್ಲಿನಲ್ಲಿ ಹರಿಯುವಾಗ ತಾರದ ಅಂಶ ಸೋರಿಹೋಗುತ್ತಿದ್ದ ಹಳೆಯ ತೊಂದರೆಯೂ ಇದರಿಂದ ತಗ್ಗಿತು. ೧೯೮೦ರಲ್ಲಿ ಜಾರ್ಜ್ ಫುಲರ್ಟನ್ನನ ಜೊತೆಗೂಡಿ, ಇಬ್ಬರ ಹೆಸರುಗಳ ಮೊದಲಕ್ಷರಗಳಿಂದ ಜಿ ಅಂಡ್ ಎಲ್ ಎಂಬ ಇನ್ನೊಂದು ಕಾರ್ಖಾನೆಯನ್ನು ಸ್ಥಾಪಿಸಿದನು. ಅಲ್ಲಿನ ಪಿಕಪ್ಪುಗಳಲ್ಲಿ ಪ್ರತಿ ತಂತಿಯ ಕೆಳಗಿನ ಧ್ರುವವನ್ನೂ ಪ್ರತ್ಯೇಕವಾಗಿ ತಿರುಗಿಸಿ ಎತ್ತರ ತಗ್ಗು ಮಾಡುವ ಅನುಕೂಲವಿತ್ತು. ಮೂರನೆಯ ತಂತಿಯ ಹಳೆಯ ತೊಡಕಿಗೆ ಹೀಗೆ ಅವನೇ ಬಿಡುಗಡೆ ಕೊಟ್ಟಂತಾಯಿತು.

ಎಸ್ತರ್ ೧೯೭೯ರಲ್ಲಿ ತೀರಿಕೊಂಡಿದ್ದಳು. ಮುಂದಿನ ವರ್ಷ ಅವನು ಮರುಮದುವೆಯಾದನು. ಕೊನೆಯ ವರ್ಷಗಳಲ್ಲಿ ಪಾರ್ಕಿನ್ಸನ್ ರೋಗ ಅವನನ್ನು ಹಿಡಿಯಿತು. ಕೂದಲೆಳೆಯ ತಂತಿಗೆ ಬೆಸುಗೆ ಹಾಕುತ್ತಿದ್ದ ಕೈಗಳಿಗೆ ಇದಕ್ಕಿಂತ ಕ್ರೂರವಾದ ವ್ಯಾಧಿಯಿಲ್ಲ. ಹಾಗಿದ್ದರೂ ಪ್ರಯೋಗದ ಕೋಣೆಗೆ ಬರುವುದನ್ನು ಅವನು ಬಿಡಲಿಲ್ಲ. ೧೯೯೧ನೆಯ ಇಸವಿ ಮಾರ್ಚ್ ೨೧ರಂದು, ತನ್ನ ಎಂಬತ್ತೊಂದನೆಯ ವಯಸ್ಸಿನಲ್ಲಿ, ಲಿಯೋ ಫೆಂಡರ್ ನಿಧನನಾದನು. ಆ ಕಾರ್ಖಾನೆಯವರು ಅವನ ಕೆಲಸದ ಕೋಣೆಯನ್ನು, ಮೇಜನ್ನೂ ಸಲಕರಣೆಗಳನ್ನೂ ಕದಲಿಸದೆ, ಅವನು ಬಿಟ್ಟುಹೋದಂತೆಯೇ ಬಹುಕಾಲ ಕಾಪಾಡಿದರು.